ಡಬ್ಬಿಯೊಳಗೆ ಬಣ್ಣ ಎಷ್ಟು, ಹಾರಿ ಹೋಗೋದು ಎಷ್ಟು? ಟ್ರಾಲಿ, ಕೂರಿಗೆಗೆ ಪೇಂಟ್ ಕೊಳ್ಳುವ ಮುನ್ನ ಘನಾಂಶ ಅಳೆಯಿರಿ

ತೊಗರಿ ರಾಶಿ ಮುಗಿದು ಕೈಯಲ್ಲಿ ಸ್ವಲ್ಪ ರೊಕ್ಕ ಆಡುವ ಹೊತ್ತಿಗೆ ಶಹಾಬಾದ, ಚಿತ್ತಾಪುರ, ಸೇಡಂ ಕಡೆಯ ವೆಲ್ಡಿಂಗ್ ಅಂಗಡಿಗಳ ಮುಂದೆ ಟ್ರಾಲಿಗಳು ಸಾಲುಗಟ್ಟುತ್ತವೆ. ಒಡೆದ ತಗಡು ಬದಲಿಸೋದು, ಕೂರಿಗೆಯ ಬೀಜದ ಪೆಟ್ಟಿಗೆ ಬೆಸೆಯೋದು, ಆಮೇಲೆ ಎಲ್ಲಕ್ಕೂ ಬಣ್ಣ ಬಳಿಸೋದು. ಈ ಬಣ್ಣದ ಖರ್ಚನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಡಿಮೆ ರೇಟಿನ ಡಬ್ಬಿ ಯಾವುದೋ ಅದನ್ನು ತಂದು ಬಳಿಸುತ್ತೇವೆ. ಎರಡು ಮಳೆಗಾಲ ಕಳೆಯುವುದರೊಳಗೆ ಟ್ರಾಲಿಯ ತಳ ಜಂಗು ಹಿಡಿದು ಪದರ ಪದರವಾಗಿ ಏಳುತ್ತದೆ. ಬಣ್ಣದ ಡಬ್ಬಿಯಲ್ಲಿ ಉಳಿಸಿದ್ದು ನೂರೋ ಇನ್ನೂರೋ, ತಗಡು ಬದಲಿಸಲು ಹೋಗೋದು ಸಾವಿರಗಟ್ಟಲೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವ ಮಾತು ಹೀಗಿರುತ್ತದೆ:

"ಅಣ್ಣಾ, ಈ ಎರಡೂ ಡಬ್ಬಿ ಒಂದೊಂದ್ ಲೀಟರೇ ಅದಾವ. ಇದಕ್ಕ ನಲವತ್ತು ರೂಪಾಯಿ ಜಾಸ್ತಿ ಯಾಕ?"

"ಅದು ಕಂಪನಿ ಮಾಲ್ ಅದರೀ. ಇದೂ ಛಲೋನೇ ಅದ. ನಿಮಗ ಯಾವುದು ಬೇಕು ನೋಡ್ರಿ."

ಈ ಉತ್ತರದಿಂದ ರೈತನಿಗೆ ಏನೂ ತಿಳಿಯುವುದಿಲ್ಲ. ಎರಡೂ ಡಬ್ಬಿ ಒಂದೇ ಲೀಟರ್ ಆಗಿದ್ದರೂ, ಬಳಿದು ಆರಿದ ಮೇಲೆ ಕಬ್ಬಿಣದ ಮೇಲೆ ಉಳಿಯುವ ಬಣ್ಣ ಎರಡರಲ್ಲೂ ಒಂದೇ ಆಗಿರಬೇಕೆಂದಿಲ್ಲ. ಆ ಉಳಿಯುವ ಭಾಗಕ್ಕೆ ಘನಾಂಶ ಅಥವಾ ಗಟ್ಟಿ ಅಂಶ ಎನ್ನುತ್ತಾರೆ. ಜಂಗು ತಡೆಯುವುದು ಅದೊಂದೇ. ಅದನ್ನು ಮನೆಯಲ್ಲೇ, ಅಂದಾಜಿಗೆ ಸಾಕಾಗುವಷ್ಟು ಸರಿಯಾಗಿ ಅಳೆಯುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಡಬ್ಬಿಯಲ್ಲಿ ಏನೇನು ಇರುತ್ತದೆ?

ಯಾವುದೇ ಪೇಂಟಿನಲ್ಲಿ ಮುಖ್ಯವಾಗಿ ನಾಲ್ಕು ವಸ್ತು ಇರುತ್ತವೆ.

1. ಅಂಟು (ರೆಸಿನ್): ಬಣ್ಣವನ್ನು ಕಬ್ಬಿಣಕ್ಕೆ ಹಿಡಿಸುವುದು, ನೀರು ಒಳಗೆ ಇಳಿಯದಂತೆ ತಡೆಯುವುದು ಇದೇ.
2. ಬಣ್ಣದ ಪುಡಿ: ರೆಡ್ ಆಕ್ಸೈಡ್‌ನಲ್ಲಿ ಕಬ್ಬಿಣದ ಆಕ್ಸೈಡ್, ಬಿಳಿ ಬಣ್ಣದಲ್ಲಿ ಟೈಟಾನಿಯಂ ಡೈಆಕ್ಸೈಡ್, ಹೀಗೆ.
3. ತುಂಬುವ ಪುಡಿ: ಸೀಮೆಸುಣ್ಣದ ಪುಡಿ, ಬರೈಟ್ಸ್, ಟಾಲ್ಕ್. ಹದವಾಗಿ ಇದ್ದರೆ ಒಳ್ಳೆಯದೇ. ಮಿತಿ ಮೀರಿದರೆ ಪುಡಿಯನ್ನು ಹಿಡಿದಿಡಲು ಅಂಟು ಸಾಲುವುದಿಲ್ಲ.
4. ದ್ರಾವಕ: ಎಣ್ಣೆ ಬಣ್ಣದಲ್ಲಿ ಟರ್ಪಂಟೈನ್, ಗೋಡೆಯ ಡಿಸ್ಟೆಂಪರ್ ಮತ್ತು ಎಮಲ್ಶನ್‌ನಲ್ಲಿ ನೀರು.

ಮೊದಲ ಮೂರು ಕಬ್ಬಿಣದ ಮೇಲೆ ಉಳಿಯುತ್ತವೆ. ನಾಲ್ಕನೆಯದು ಗಾಳಿಗೆ ಹಾರಿಹೋಗುತ್ತದೆ. ದ್ರಾವಕ ಬೇಡವೇ ಬೇಡ ಎಂದಲ್ಲ. ಅದಿಲ್ಲದೆ ಬ್ರಶ್ ಓಡುವುದಿಲ್ಲ. ಆದರೆ ಹಾರಿಹೋಗುವ ಮಾಲಿಗೂ ನಾವು ಬಣ್ಣದ ರೇಟೇ ಕೊಡುತ್ತಿದ್ದೇವೆ ಎಂಬುದು ನೆನಪಿರಬೇಕು. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ರೇಟ್ ಕಟ್ಟುತ್ತಾರಲ್ಲ, ಬಣ್ಣಕ್ಕೂ ಅದೇ ನ್ಯಾಯ.

ತೂಕದ ಶೇಕಡಾ ಬೇರೆ, ಗಾತ್ರದ ಶೇಕಡಾ ಬೇರೆ

ಘನಾಂಶವನ್ನು ಎರಡು ರೀತಿ ಹೇಳುತ್ತಾರೆ. 100 ಗ್ರಾಂ ಬಣ್ಣ ಆರಿದ ಮೇಲೆ 65 ಗ್ರಾಂ ಉಳಿದರೆ, ತೂಕದ ಘನಾಂಶ ಶೇ. 65. 100 ಮಿಲಿ ಬಣ್ಣ ಆರಿದ ಮೇಲೆ 50 ಮಿಲಿಯಷ್ಟು ಪದರ ಉಳಿದರೆ, ಗಾತ್ರದ ಘನಾಂಶ ಶೇ. 50.

ನಾವು ಬಣ್ಣ ಕೊಳ್ಳುವುದು ಲೀಟರ್ ಲೆಕ್ಕದಲ್ಲಿ, ಬಳಿಯುವುದು ಚದರ ಅಡಿ ಲೆಕ್ಕದಲ್ಲಿ. ಆದ್ದರಿಂದ ನಮಗೆ ಬೇಕಾದದ್ದು ಗಾತ್ರದ ಘನಾಂಶ. ತೂಕದ ಘನಾಂಶವೊಂದನ್ನೇ ನಂಬಿದರೆ ಮೋಸ ಹೋಗುವ ಸಂಭವ ಇದೆ. ಅಂಟಿನ ಸಾಂದ್ರತೆ ಸುಮಾರು 1.1, ಸೀಮೆಸುಣ್ಣದ ಪುಡಿಯದು 2.7, ಬರೈಟ್ಸ್‌ನದು 4.4ರ ಆಸುಪಾಸು. ಭಾರದ ಪುಡಿ ಸುರಿದರೆ ತೂಕ ಏರುತ್ತದೆ, ಪದರದ ದಪ್ಪ ಅಷ್ಟಾಗಿ ಏರುವುದಿಲ್ಲ. "ಡಬ್ಬಿ ಎತ್ತಿ ನೋಡ್ರಿ, ಎಷ್ಟ್ ವಜ್ಜಿ ಅದ" ಎಂದು ಹೇಳಿ ಮಾರುವುದು ಇದೇ ಕಾರಣಕ್ಕೆ. ವಜ್ಜಿ ಇದ್ದ ಮಾತ್ರಕ್ಕೆ ಬಣ್ಣ ಛಲೋ ಅಂತಲ್ಲ.

ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆ?

ಪೇಂಟ್ ಪರೀಕ್ಷೆಗೆ ನಮ್ಮ ದೇಶದಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 101 ಸರಣಿ ಇದೆ. ಹೊರದೇಶಗಳಲ್ಲಿ ತೂಕದ ಘನಾಂಶಕ್ಕೆ ಐಎಸ್ಒ 3251, ಎಎಸ್‌ಟಿಎಂ ಡಿ 2369 ಬಳಸುತ್ತಾರೆ. ಗಾತ್ರದ ಘನಾಂಶಕ್ಕೆ ಐಎಸ್ಒ 3233, ಎಎಸ್‌ಟಿಎಂ ಡಿ 2697. ತೂಕದ ಪರೀಕ್ಷೆಯ ತಿರುಳು ಸರಳ. ಸಣ್ಣ ಅಲ್ಯೂಮಿನಿಯಂ ತಟ್ಟೆಯಲ್ಲಿ ಸ್ವಲ್ಪ ಬಣ್ಣ ತೂಗಿ, ಒಲೆಪೆಟ್ಟಿಗೆಯಲ್ಲಿ ಒಣಗಿಸಿ, ಮತ್ತೆ ತೂಗುವುದು. ಡಿ 2369ರ ಪ್ರಕಾರ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ನಿಮಿಷ ಒಣಗಿಸಬೇಕು. ಗಾತ್ರದ ಪರೀಕ್ಷೆಯಲ್ಲಿ ಬಣ್ಣ ಬಳಿದ ತಗಡಿನ ಬಿಲ್ಲೆಯನ್ನು ಗಾಳಿಯಲ್ಲೊಮ್ಮೆ, ದ್ರವದಲ್ಲಿ ಮುಳುಗಿಸಿ ಒಮ್ಮೆ ತೂಗಿ, ಪದರದ ಗಾತ್ರ ಕಂಡುಹಿಡಿಯುತ್ತಾರೆ.

ನಮ್ಮಲ್ಲಿ ಅಂಥ ಒಲೆಪೆಟ್ಟಿಗೆ ಇಲ್ಲ. ಆದರೆ ಬಿಸಿಲಿಗೇನೂ ಕೊರತೆ ಇಲ್ಲ. ಕಲಬುರಗಿ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಬಿಸಿಲಿಗಿಟ್ಟ ತಗಡು ಅದಕ್ಕಿಂತಲೂ ಬಿಸಿಯಾಗುತ್ತದೆ. ಎರಡು ಡಬ್ಬಿಯ ಬಣ್ಣವನ್ನು ಒಟ್ಟಿಗೆ, ಒಂದೇ ಜಾಗದಲ್ಲಿ ಒಣಗಿಸಿದರೆ ಯಾವುದು ಮೇಲು ಎಂದು ಹೇಳುವಷ್ಟು ಲೆಕ್ಕ ಸಿಗುತ್ತದೆ.

ಮನೆಯಲ್ಲಿ ಮಾಡುವ ವಿಧಾನ

ಬೇಕಾದ ಸಾಮಾನು: 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ (ನಿಮ್ಮಲ್ಲಿ ಇಲ್ಲದಿದ್ದರೆ ಪತ್ತಾರರ ಅಂಗಡಿಯಲ್ಲಿ ಇರುತ್ತದೆ), 10 ಮಿಲಿಯ ಸೂಜಿ ಇಲ್ಲದ ಸಿರಿಂಜ್, ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ, ಬೆಂಕಿಕಡ್ಡಿ.

1. ಡಬ್ಬಿಯನ್ನು ತಳದಿಂದ ಚೆನ್ನಾಗಿ ಕಲಕಿ. ಪುಡಿ ತಳದಲ್ಲಿ ಕೂತಿರುತ್ತದೆ. ಮೇಲಿನ ತೆಳು ಭಾಗ ಮಾತ್ರ ತೆಗೆದರೆ ಪರೀಕ್ಷೆಯೆಲ್ಲಾ ಸುಳ್ಳಾಗುತ್ತದೆ. ಮೇಲೆ ಕೆನೆ ಕಟ್ಟಿದ್ದರೆ ಅದನ್ನು ತೆಗೆದುಹಾಕಿ, ಒಳಗೆ ಕಲಕಬೇಡಿ.

2. ಖಾಲಿ ಸಿರಿಂಜ್ ತೂಗಿ ಬರೆದುಕೊಳ್ಳಿ. ಗುಳ್ಳೆ ಬರದಂತೆ ಸರಿಯಾಗಿ 10 ಮಿಲಿ ಬಣ್ಣ ಎಳೆದು, ಹೊರಗೆ ಹತ್ತಿದ್ದನ್ನು ಒರೆಸಿ, ಮತ್ತೆ ತೂಗಿ. ವ್ಯತ್ಯಾಸವೇ 10 ಮಿಲಿ ಬಣ್ಣದ ತೂಕ.

3. ಸುಮಾರು 15 ಸೆಂ.ಮೀ. ಚೌಕದ ಹಾಳೆ ಕತ್ತರಿಸಿ ಅಂಚು ಮಡಿಸಿ. ಕಡ್ಡಿಯ ಮದ್ದು ಮುರಿದು ತೆಗೆದು, ಹಾಳೆ ಮತ್ತು ಕಡ್ಡಿ ಎರಡನ್ನೂ ಸೇರಿಸಿ ತೂಗಿ.

4. ಸಿರಿಂಜ್‌ನಿಂದ ಸುಮಾರು 2 ಗ್ರಾಂ ಬಣ್ಣವನ್ನು ಹಾಳೆಯ ಮೇಲೆ ಹಾಕಿ, ಕೂಡಲೇ ಸಿರಿಂಜನ್ನು ಮತ್ತೆ ತೂಗಿ. ಸಿರಿಂಜ್‌ನ ತೂಕ ಎಷ್ಟು ಕಡಿಮೆಯಾಯಿತೋ ಅಷ್ಟೇ ಬಣ್ಣ ಹಾಳೆಯ ಮೇಲಿದೆ. ಹಾಳೆಯನ್ನೇ ತೂಗಲು ಹೋದರೆ ತಕ್ಕಡಿ ನಿಲ್ಲುವಷ್ಟರಲ್ಲಿ ಟರ್ಪಂಟೈನ್ ಹಾರುತ್ತಿರುತ್ತದೆ, ಲೆಕ್ಕ ತಪ್ಪುತ್ತದೆ.

5. ಕಡ್ಡಿಯಿಂದ ಬಣ್ಣವನ್ನು ತೆಳ್ಳಗೆ ಹರಡಿ, ಕಡ್ಡಿಯನ್ನು ಹಾಳೆಯ ಮೇಲೇ ಬಿಡಿ. ದಪ್ಪ ಬಿಟ್ಟರೆ ಮೇಲೆ ಕೆನೆ ಕಟ್ಟಿ ಒಳಗಿನ ದ್ರಾವಕ ಸಿಕ್ಕಿಬೀಳುತ್ತದೆ.

6. ಒಂದೊಂದು ಬಣ್ಣಕ್ಕೆ ಇಂಥ ಮೂರು ಹಾಳೆ ಮಾಡಿ. ಧೂಳು ಬೀಳದಂತೆ ಮೇಲೆ ಜಾಳಿಗೆ ಅಥವಾ ತೆಳು ಬಟ್ಟೆ ಕಟ್ಟಿ ಬಿಸಿಲಿಗಿಡಿ. ವಾಡಿ, ಮಳಖೇಡ ಕಡೆ ಸಿಮೆಂಟಿನ ಧೂಳು, ಉಳಿದ ಕಡೆ ಹೊಲದ ಧೂಳು. ಎರಡೂ ತೂಕ ಹೆಚ್ಚಿಸುತ್ತವೆ.

7. ಎರಡು ದಿನ ಬಿಟ್ಟು ತೂಗಿ, ಮರುದಿನ ಮತ್ತೆ ತೂಗಿ. ತೂಕ ಇಳಿಯುವುದು ನಿಂತಾಗ ಅದೇ ಕೊನೆಯ ತೂಕ. ಮೂರು ಹಾಳೆಯ ಸರಾಸರಿ ತೆಗೆದುಕೊಳ್ಳಿ. ಒಂದು ಹಾಳೆಯ ಲೆಕ್ಕ ಉಳಿದೆರಡಕ್ಕಿಂತ ಬಹಳ ಬೇರೆ ಬಂದರೆ ಎಲ್ಲೋ ಕೈತಪ್ಪಾಗಿದೆ, ಮತ್ತೊಮ್ಮೆ ಮಾಡಿ.

ಎಚ್ಚರಿಕೆ: ಬೇಗ ಒಣಗಲಿ ಎಂದು ಹಾಳೆಯನ್ನು ಗ್ಯಾಸ್ ಒಲೆ, ತವಾ ಅಥವಾ ಅಡುಗೆಯ ಓವನ್ ಮೇಲೆ ಇಡಬೇಡಿ. ದ್ರಾವಕದ ಆವಿಗೆ ಬೆಂಕಿ ಹತ್ತುತ್ತದೆ. ಮನೆಯೊಳಗೆ ಮುಚ್ಚಿದ ಕೋಣೆಯಲ್ಲೂ ಮಾಡಬೇಡಿ. ಬಳಸಿದ ಸಿರಿಂಜನ್ನು ಎಷ್ಟೇ ತೊಳೆದರೂ ದನಕ್ಕೆ ಔಷಧ ಹಾಕಲು ಮತ್ತೆ ಉಪಯೋಗಿಸಬಾರದು, ಮುರಿದು ಎಸೆಯಿರಿ.

ಲೆಕ್ಕ ಹೀಗೆ

ಮೊದಲು ತೂಕದ ಘನಾಂಶ. ಹಾಳೆ ಮತ್ತು ಕಡ್ಡಿ 1.00 ಗ್ರಾಂ, ಹಾಕಿದ ಬಣ್ಣ 2.00 ಗ್ರಾಂ, ಆರಿದ ಮೇಲೆ ಒಟ್ಟು 2.30 ಗ್ರಾಂ ಎಂದುಕೊಳ್ಳಿ. ಉಳಿದ ಬಣ್ಣ 1.30 ಗ್ರಾಂ. 2ಕ್ಕೆ 1.30 ಎಂದರೆ ಶೇ. 65.

ಇನ್ನು ಗಾತ್ರದ ಘನಾಂಶ. 10 ಮಿಲಿ ಬಣ್ಣದಲ್ಲಿ ಎಷ್ಟು ಗ್ರಾಂ ಹಾರಿತು ಎಂದು ನೋಡಿ, ಅದನ್ನು ದ್ರಾವಕದ ಸಾಂದ್ರತೆಯಿಂದ ಭಾಗಿಸಬೇಕು. ಎಷ್ಟು ಮಿಲಿ ಹಾರಿತು ಎಂಬುದು ಸಿಗುತ್ತದೆ. ಉಳಿದದ್ದು ಗಟ್ಟಿ ಪದರ. ಟರ್ಪಂಟೈನ್‌ನ ಸಾಂದ್ರತೆಯನ್ನು 0.78 ಎಂದೂ, ನೀರಿನದನ್ನು 1 ಎಂದೂ ಹಿಡಿಯಿರಿ. ಸಾಂದ್ರತೆ ಎಂದರೆ ಇಲ್ಲಿ ಒಂದು ಮಿಲಿಗೆ ಇಷ್ಟು ಗ್ರಾಂ ಎಂದಷ್ಟೇ.

ಉದಾಹರಣೆಗೆ ಎರಡು ಎಣ್ಣೆ ಬಣ್ಣ ತೆಗೆದುಕೊಳ್ಳೋಣ. ಎರಡರ ತೂಕದ ಘನಾಂಶವೂ ಶೇ. 65 ಬಂದಿದೆ. ರೇಟು ಕಲ್ಪಿಸಿಕೊಂಡದ್ದು.

ಮೊದಲ ಡಬ್ಬಿ, ಲೀಟರಿಗೆ 320 ರೂಪಾಯಿ:
- 10 ಮಿಲಿಯ ತೂಕ 11 ಗ್ರಾಂ
- ಹಾರಿದ್ದು ಅದರ ಶೇ. 35, ಅಂದರೆ 3.85 ಗ್ರಾಂ
- 3.85 ಭಾಗಿಸು 0.78 ಅಂದರೆ ಸುಮಾರು 5 ಮಿಲಿ
- ಉಳಿದದ್ದು 5 ಮಿಲಿ. ಗಾತ್ರದ ಘನಾಂಶ ಶೇ. 50

ಎರಡನೇ ಡಬ್ಬಿ, ಲೀಟರಿಗೆ 280 ರೂಪಾಯಿ:
- 10 ಮಿಲಿಯ ತೂಕ 13 ಗ್ರಾಂ
- ಹಾರಿದ್ದು 4.55 ಗ್ರಾಂ
- 4.55 ಭಾಗಿಸು 0.78 ಅಂದರೆ ಸುಮಾರು 5.8 ಮಿಲಿ
- ಉಳಿದದ್ದು 4.2 ಮಿಲಿ, ಗಾತ್ರದ ಘನಾಂಶ ಶೇ. 42

ಈಗ ರೇಟನ್ನು ಘನಾಂಶದಿಂದ ಭಾಗಿಸಿ. ಮೊದಲ ಡಬ್ಬಿಯಲ್ಲಿ ಒಂದು ಲೀಟರ್ ಗಟ್ಟಿ ಮಾಲಿಗೆ 640 ರೂಪಾಯಿ ಬೀಳುತ್ತದೆ. ಎರಡನೆಯದರಲ್ಲಿ ಸುಮಾರು 667 ರೂಪಾಯಿ. ನಲವತ್ತು ರೂಪಾಯಿ ಅಗ್ಗ ಎಂದು ತಂದ ಡಬ್ಬಿಯೇ ತುಟ್ಟಿ! ಅದೂ ಅಲ್ಲದೆ ಭಾರದ ಡಬ್ಬಿಯಲ್ಲಿ ಪುಡಿ ಹೆಚ್ಚು, ಅಂಟು ಕಡಿಮೆ ಇರುವ ಸಂಭವ ಇದೆ.

ಎಣ್ಣೆ ಬಣ್ಣ ಆರುವಾಗ ಗಾಳಿಯ ಆಮ್ಲಜನಕವನ್ನು ಸ್ವಲ್ಪ ಹೀರಿಕೊಳ್ಳುತ್ತದೆ, ಬಿಸಿಲಿನಲ್ಲಿ ಕೊನೆಯ ಚೂರು ದ್ರಾವಕ ಉಳಿದುಬಿಡಬಹುದು. ಹೀಗಾಗಿ ಮನೆಯ ಲೆಕ್ಕ ಪ್ರಯೋಗಾಲಯದ ಲೆಕ್ಕಕ್ಕಿಂತ ಸ್ವಲ್ಪ ಆಚೀಚೆ ಆಗುತ್ತದೆ. ಎರಡು ಡಬ್ಬಿಯ ನಡುವೆ ಒಂದೆರಡು ಶೇಕಡಾ ವ್ಯತ್ಯಾಸ ಬಂದರೆ ಎರಡೂ ಸಮ ಎಂದೇ ತಿಳಿಯಿರಿ. ಎಂಟು ಹತ್ತು ಶೇಕಡಾ ಬಂದರೆ ಅದು ನಿಜವಾದ ವ್ಯತ್ಯಾಸ.

ಒಂದು ಟ್ರಾಲಿಗೆ ಎಷ್ಟು ಬಣ್ಣ ಬೇಕು?

ಒಂದು ಲೀಟರ್ ಬಣ್ಣವನ್ನು ಒಂದು ಚದರ ಮೀಟರ್ ಮೇಲೆ ಸುರಿದರೆ ಒಂದು ಮಿಲಿಮೀಟರ್, ಅಂದರೆ 1000 ಮೈಕ್ರಾನ್ ದಪ್ಪ ನಿಲ್ಲುತ್ತದೆ. ಇದರಿಂದ ಒಂದು ಸುಲಭ ಸೂತ್ರ ಬರುತ್ತದೆ: ಗಾತ್ರದ ಘನಾಂಶವನ್ನು 10ರಿಂದ ಗುಣಿಸಿ, ಬೇಕಾದ ಒಣ ಪದರದ ಮೈಕ್ರಾನ್‌ನಿಂದ ಭಾಗಿಸಿದರೆ, ಲೀಟರಿಗೆ ಎಷ್ಟು ಚದರ ಮೀಟರ್ ಎಂಬುದು ಸಿಗುತ್ತದೆ.

ಒಂದು ಕೋಟ್‌ಗೆ ಒಣ ಪದರ 30 ಮೈಕ್ರಾನ್ ಬೇಕೆಂದರೆ, ಮೊದಲ ಡಬ್ಬಿ ಲೀಟರಿಗೆ ಸುಮಾರು 16.7 ಚದರ ಮೀಟರ್, ಎರಡನೆಯದು 14 ಚದರ ಮೀಟರ್. ಒಳಗೂ ಹೊರಗೂ ತಳವೂ ಸೇರಿ 25 ಚದರ ಮೀಟರ್ ಆಗುವ ಟ್ರಾಲಿಗೆ ಎರಡು ಕೋಟ್ ಬಳಿದು, ಬ್ರಶ್‌ನಲ್ಲಿ ಐದರಲ್ಲಿ ಒಂದು ಪಾಲು ಹಾಳಾಗುತ್ತದೆ ಎಂದು ಹಿಡಿದರೆ, ಮೊದಲನೆಯದು 3.75 ಲೀಟರ್ ಬೇಕು, ಖರ್ಚು 1200 ರೂಪಾಯಿ. ಎರಡನೆಯದು ಸುಮಾರು 4.5 ಲೀಟರ್ ಬೇಕು, ಖರ್ಚು ಸುಮಾರು 1250 ರೂಪಾಯಿ. ಗನ್‌ನಲ್ಲಿ ಹೊಡೆಸಿದರೆ ಗಾಳಿಗೆ ಹೋಗುವುದು ಇನ್ನೂ ಹೆಚ್ಚು. ಅದಕ್ಕೆ ತಕ್ಕಂತೆ ಜಾಸ್ತಿ ತರಬೇಕು.

ಎರಡನೇ ಡಬ್ಬಿ ತಂದು 3.75 ಲೀಟರಿನಲ್ಲೇ ಕೆಲಸ ಮುಗಿಸಿದರೆ? ಟ್ರಾಲಿ ನೋಡಲು ಹಾಗೇ ಮಿಂಚುತ್ತದೆ. ಪದರ ಮಾತ್ರ ತೆಳುವಾಗಿರುತ್ತದೆ. ಮೂಲೆ, ಅಂಚು, ಬೆಸುಗೆಯ ಜಾಗದಲ್ಲಿ ಬಣ್ಣ ತಾನಾಗಿಯೇ ಹಿಂದೆ ಸರಿದು ಇನ್ನೂ ತೆಳುವಾಗುತ್ತದೆ. ಜಂಗು ಮೊದಲು ಏಳುವುದು ಅಲ್ಲಿಂದಲೇ. ಅದಕ್ಕೇ ಪೂರ್ತಿ ಕೋಟ್‌ಗೆ ಮೊದಲು ಅಂಚು ಮತ್ತು ಬೆಸುಗೆಗೆ ಬ್ರಶ್‌ನಿಂದ ಒಂದು ಪಟ್ಟಿ ಬಳಿಸಬೇಕು.

ಥಿನ್ನರ್ ಎಂಬ ಕಳ್ಳದಾರಿ

ಒಳ್ಳೆಯ ಬಣ್ಣ ತಂದರೂ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. "ಬಣ್ಣ ಗಟ್ಟಿ ಆಗ್ಯಾದ, ಬ್ರಶ್ ಓಡವಲ್ದು" ಎಂದು ಅರ್ಧ ಬಾಟಲಿ ಥಿನ್ನರ್ ಸುರಿಯುತ್ತಾರೆ. ಶೇ. 50 ಘನಾಂಶದ ಒಂದು ಲೀಟರಿಗೆ ಅರ್ಧ ಲೀಟರ್ ಸುರಿದರೆ, ಒಂದೂವರೆ ಲೀಟರಿನಲ್ಲಿ ಗಟ್ಟಿ ಮಾಲು ಅದೇ ಅರ್ಧ ಲೀಟರ್. ಘನಾಂಶ ಶೇ. 33ಕ್ಕೆ ಇಳಿಯಿತು. ಹಸಿಯಲ್ಲಿ 60 ಮೈಕ್ರಾನ್ ಬಳಿದರೆ ಒಣಗಿದ ಮೇಲೆ 30ರ ಬದಲು 20 ಮೈಕ್ರಾನ್ ಉಳಿಯುತ್ತದೆ. ಎರಡು ಕೋಟ್ ಸಾಲದು, ಮೂರು ಬೇಕು.

ಡಬ್ಬಿಯ ಮೇಲೆ ಎಷ್ಟು ಬೆರೆಸಲು ಹೇಳಿದೆಯೋ ಅಷ್ಟೇ, ಅವರು ಹೇಳಿದ ಥಿನ್ನರನ್ನೇ ಬೆರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ. ಅವು ಬೇಗ ಹಾರುವುದಿಲ್ಲ, ಬಣ್ಣ ಮೆತ್ತಗೇ ಉಳಿಯುತ್ತದೆ. ಬಣ್ಣ ಬಳಿಯುವವರಿಗೆ ಗುತ್ತಿಗೆ ಕೊಡುವಾಗ "ಬಣ್ಣ ನಮ್ಮದು, ನಮ್ಮೆದುರಿಗೇ ಬೆರಸ್ರಿ" ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಕಾದ ತಗಡಿಗೆ ಬಳಿದರೆ ಬ್ರಶ್ ಹಿಡಿದ ಹಾಗೇ ಬಣ್ಣ ಆರುತ್ತದೆ, ಆಗಲೇ ಥಿನ್ನರ್ ಆಸೆ ಹುಟ್ಟುವುದು. ಇಬ್ಬನಿ ಪೂರ್ತಿ ಆರಿದ ಮೇಲೆ, ತಗಡು ಕಾಯುವ ಮುಂಚೆ ಕೆಲಸ ಮುಗಿಸಿ.

ಘನಾಂಶ ಒಂದೇ ಸಾಲದು

ಹೆಚ್ಚು ಘನಾಂಶ ಎಂದ ಮಾತ್ರಕ್ಕೆ ಎಲ್ಲಾ ಒಳ್ಳೆಯದಲ್ಲ. ಕೆಳಗಿನವನ್ನೂ ಗಮನಿಸಿ.

- ಪರೀಕ್ಷೆಯ ಹಾಳೆಯನ್ನು ಎಸೆಯಬೇಡಿ. ವಾರದ ನಂತರ ಮಡಿಸಿ ನೋಡಿ, ಬೆರಳಿಂದ ಉಜ್ಜಿ ನೋಡಿ. ಪುಡಿ ಕೈಗೆ ಹತ್ತಿದರೆ, ಮಡಿಕೆಯಲ್ಲಿ ಚಕ್ಕೆ ಎದ್ದರೆ, ಅಂಟು ಸಾಲದು ಎಂದರ್ಥ.
- ಸತುವು ಲೇಪಿಸಿದ ಹೊಸ ತಗಡಿಗೆ ಎಣ್ಣೆ ಬಣ್ಣವನ್ನು ನೇರವಾಗಿ ಬಳಿಯಬಾರದು. ಸತುವಿನ ಜೊತೆ ಅದು ಸಾಬೂನಿನಂತಾಗಿ ಕಳಚಿ ಬೀಳುತ್ತದೆ. ಅದಕ್ಕೆಂದೇ ಇರುವ ಪ್ರೈಮರ್ ಕೇಳಿ.
- ಸಿಮೆಂಟಿನ ಧೂಳು ಕ್ಷಾರ. ಇಬ್ಬನಿ ಬಿದ್ದು ಹಸಿಯಾದರೆ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಕಾರ್ಖಾನೆ, ಕ್ವಾರಿ ಹತ್ತಿರದ ಊರಿನವರು ಬಳಿಯುವ ಮುನ್ನ ಧೂಳನ್ನು ತೊಳೆದು ಒಣಗಿಸಬೇಕು, ಬಳಿದ ಮೇಲೂ ಆಗಾಗ ಟ್ರಾಲಿ ತೊಳೆಯಬೇಕು.
- ಶಹಾಬಾದ ಫರಸಿಗೆ, ಗೋಡೆಗೆ ಹಚ್ಚುವ ಹೀರುವ ಜಾತಿಯ ಸೀಲರ್, ಪ್ರೈಮರ್‌ಗಳಲ್ಲಿ ಘನಾಂಶ ಕಡಿಮೆ ಇರುವುದು ತಪ್ಪಲ್ಲ. ಒಳಗೆ ಇಳಿಯುವುದೇ ಅವುಗಳ ಕೆಲಸ. ಈ ಲೆಕ್ಕವನ್ನು ಅವಕ್ಕೆ ಹಚ್ಚಬೇಡಿ.
- ಎರಡು ಡಬ್ಬಿ ಬೆರೆಸುವ ಎಪಾಕ್ಸಿಯಾದರೆ ಹೇಳಿದ ಪ್ರಮಾಣದಲ್ಲಿ ಬೆರೆಸಿದ ಮೇಲೆಯೇ ಪರೀಕ್ಷೆ ಮಾಡಬೇಕು. ದ್ರಾವಕದ ಸಾಂದ್ರತೆಯನ್ನು ಸುಮಾರು 0.86 ಎಂದು ಹಿಡಿಯಿರಿ.

ಕಾಳು ಮುಟ್ಟುವ ಜಾಗಕ್ಕೆ ಬಣ್ಣ ಬೇಡ

ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಂಥ ಕಾಳನ್ನು ಬಣ್ಣದ ಚಕ್ಕೆ ಬೀಳುವ ಡಬ್ಬದಲ್ಲಿ ತುಂಬಿಡುವುದು ಸರಿಯಲ್ಲ. ಮನೆ ಬಳಕೆಯ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ದೇಶದಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕಾರ್ಖಾನೆ ಬಳಕೆಯ ಬಣ್ಣಗಳು ಈ ನಿಯಮದ ಒಳಗೆ ಬರುವುದಿಲ್ಲ. ಐಎಸ್ 2074ರ ರೆಡ್ ಆಕ್ಸೈಡ್ ಜಿಂಕ್ ಕ್ರೋಮ್ ಪ್ರೈಮರ್ ಜಂಗು ತಡೆಯಲು ಗಟ್ಟಿಗ, ಆದರೆ ಅದರಲ್ಲಿರುವ ಕ್ರೋಮೇಟ್ ವಿಷ. ಆದ್ದರಿಂದ ಕಾಳಿನ ಡಬ್ಬದ ಒಳಗಡೆ, ದನದ ಗೋದಲಿಯಲ್ಲಿ, ನೀರಿನ ತೊಟ್ಟಿಯಲ್ಲಿ ಇಂಥ ಬಣ್ಣ ಬೇಡವೇ ಬೇಡ. ಹಳೇ ಬಣ್ಣ ಉಜ್ಜುವಾಗ ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ. ಉಜ್ಜಿದ ಪುಡಿ ಕಣದಲ್ಲಿ ಬೀಳದಂತೆ ಕೆಳಗೆ ತಾಡಪತ್ರಿ ಹಾಸಿ.

ಅಂಗಡಿಯಲ್ಲಿ ಏನು ಕೇಳಬೇಕು?

ದೊಡ್ಡ ಕಂಪನಿಗಳು ಪ್ರತಿ ಬಣ್ಣಕ್ಕೂ ಒಂದು ಮಾಹಿತಿ ಪತ್ರ ಕೊಡುತ್ತವೆ. ಅದರಲ್ಲಿ "ವಾಲ್ಯೂಮ್ ಸಾಲಿಡ್ಸ್" ಎಂಬ ಸಾಲು ಇರುತ್ತದೆ. ಅಂಗಡಿಯವರನ್ನು ಕೇಳಿ, ಇಲ್ಲವೇ ಮನೆಯ ಹುಡುಗರಿಗೆ ಮೊಬೈಲಿನಲ್ಲಿ ಹುಡುಕಲು ಹೇಳಿ. ಆ ಅಂಕಿ ಸಿಕ್ಕರೆ ಹಾಳೆ, ಸಿರಿಂಜ್ ಯಾವುದೂ ಬೇಕಿಲ್ಲ. ರೇಟನ್ನು ಅದರಿಂದ ಭಾಗಿಸಿದರೆ ಸಾಕು. ಹೆಸರಿಲ್ಲದ ಡಬ್ಬಿ, ಮಾಹಿತಿ ಇಲ್ಲದ ಡಬ್ಬಿಗೆ ಮೇಲಿನ ಪರೀಕ್ಷೆ. ಐಎಸ್ಐ ಗುರುತು ಇದ್ದರೆ ಅದು ಅಸಲಿಯೋ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಲೈಸೆನ್ಸ್ ಸಂಖ್ಯೆ ಹಾಕಿ ನೋಡಬಹುದು. ಡಬ್ಬಿಯ ಮೇಲೆ ತಯಾರಿಕೆಯ ತಿಂಗಳು, ಪ್ರಮಾಣ, ಎಂಆರ್‌ಪಿ ಇರಲೇಬೇಕು. ಬಿಲ್ಲು ಇಟ್ಟುಕೊಳ್ಳಿ. ಬರೆದದ್ದೇ ಒಂದು, ಒಳಗಿರುವುದೇ ಒಂದು ಎಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಒಬ್ಬರೇ ಒಂದು ಲೀಟರ್ ಕೊಳ್ಳುವುದಾದರೆ ಇಷ್ಟೆಲ್ಲಾ ಬೇಡ. ಓಣಿಯ ನಾಲ್ಕೈದು ಮಂದಿ ಸೇರಿ, ಅಥವಾ ಸಂಘದವರು ಬಾಡಿಗೆ ಯಂತ್ರಗಳಿಗೆಂದು, 20 ಲೀಟರಿನ ಡ್ರಮ್ ತರುವುದಿದ್ದರೆ ಮೊದಲು ಸಣ್ಣ ಡಬ್ಬಿ ತಂದು ಪರೀಕ್ಷೆ ಮಾಡಿ ನೋಡಿ. ಒಂದು ತಕ್ಕಡಿ, ಒಂದು ಹಾಳೆ, ಮೂರು ದಿನದ ಬಿಸಿಲು ಇಷ್ಟೇ ಖರ್ಚು. ಹೊಸ ತಗಡಿನ ರೇಟು ನೋಡಿದರೆ ಇದು ಏನೂ ಅಲ್ಲ.